ಕಡಲ ಮೇಲಿನ ಕೋಣೆ, ಗಣಿಯೂರಿನ ಲೆಕ್ಕ

ವಿಹಾರದ ಹಡಗಿನಲ್ಲಿ ಎರಡು ಮೂರು ದಿನ ತೇಲಿ ಬರುವುದು ನಮ್ಮ ಮಧ್ಯಮ ವರ್ಗದವರ ಆಸೆಗಳ ಪಟ್ಟಿಗೂ ಈಗ ಸೇರಿದೆ. 2021ರಲ್ಲಿ ಮುಂಬೈನಿಂದ, 2022ರ ಜೂನ್ ತಿಂಗಳಲ್ಲಿ ಚೆನ್ನೈನಿಂದ ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ಎಂಬ ಹಡಗು ಇಂಥ ಯಾತ್ರೆಗೆ ಹೊರಟ ಮೇಲೆ ಹಡಗಿನ ಕೋಣೆಯ ದರಗಳು ಪತ್ರಿಕೆಯ ಜಾಹೀರಾತುಗಳಲ್ಲಿ ಕಾಣಿಸಿಕೊಂಡವು. ಕಿಟಕಿಯಿಲ್ಲದ ಒಳಕೋಣೆಗೆ ಒಂದು ದರ, ಕಡಲು ಕಾಣುವ ಕೋಣೆಗೆ ಇನ್ನೊಂದು, ಮುಂದೆ ಜಗಲಿಯಿರುವ ಕೋಣೆಗೆ ಮತ್ತೊಂದು. ಗಂಡ ಹೆಂಡತಿ ಇಬ್ಬರೇ ಆದರೆ ಆಯ್ಕೆ ಸುಲಭ. ಅಜ್ಜಿ, ಅತ್ತೆ, ನಾಲ್ಕು ಮಕ್ಕಳು ಸೇರಿದರೆ ಕಾಗದ ಪೆನ್ಸಿಲು ಹಿಡಿದು ಕೂರಬೇಕಾಗುತ್ತದೆ. ಎಲ್ಲರೂ ಒಂದೇ ಕೋಣೆಯಲ್ಲಿ ಹಿಡಿಸುತ್ತಾರೆಯೇ? ಎರಡು ಕೋಣೆ ಹಿಡಿದರೆ ಮಕ್ಕಳ ಜತೆ ಯಾರು ಮಲಗಬೇಕು? ಕೊಟ್ಟ ಹೆಚ್ಚಿನ ಹಣಕ್ಕೆ ಸಿಗುವುದಾದರೂ ಏನು?

ಈ ಲೆಕ್ಕ ಹೊಸದೆಂದು ಅನೇಕರು ತಿಳಿದಿರಬಹುದು. ಆದರೆ ಸಮುದ್ರದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ, ನದಿಯೂ ಸರಿಯಾಗಿಲ್ಲದ ಕೋಲಾರ ಸೀಮೆಯ ಒಂದು ಊರಿಗೆ ಇದು ನೂರು ವರ್ಷಕ್ಕೂ ಹಳೆಯ ಲೆಕ್ಕ. ಆ ಊರು ಕೋಲಾರ ಚಿನ್ನದ ಗಣಿ ಪ್ರದೇಶ, ಜನರ ಬಾಯಲ್ಲಿ ಕೆ.ಜಿ.ಎಫ್. ಅಲ್ಲಿನ ಅನೇಕ ಮನೆತನಗಳ ಕಥೆ ಹಡಗಿನಲ್ಲಿ ಆರಂಭವಾಗಿತ್ತು, ಇನ್ನೆಷ್ಟೋ ಮನೆತನಗಳ ಕೆ.ಜಿ.ಎಫ್. ಕಥೆ ಹಡಗಿನಲ್ಲಿಯೇ ಮುಗಿಯಿತು. ಅವರು ಆರಿಸಿದ ಕೋಣೆ ವಿಹಾರಕ್ಕಾಗಿ ಆಗಿರಲಿಲ್ಲ. ಕುಟುಂಬ ಒಟ್ಟಿಗೆ ಹೋಗಬೇಕೋ ಒಡೆದು ಹೋಗಬೇಕೋ ಎಂಬುದನ್ನು ಆ ಕೋಣೆಯ ಬೆಲೆಯೇ ತೀರ್ಮಾನಿಸುತ್ತಿತ್ತು.

ರೈಲಿನಿಂದ ಹಡಗಿಗೆ

ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರಲ್ಲಿ ಇಲ್ಲಿಗೆ ಕಾಲಿಟ್ಟಿತು. ಅದಕ್ಕೆ ಮುಂಚೆ 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಈ ಭಾಗದ ಚಿನ್ನದ ಬಗ್ಗೆ ವಿಚಾರಿಸಿ ಬರೆದಿದ್ದ. 1870ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬ ಐರಿಷ್ ಸೈನಿಕ ಪರವಾನಗಿ ಪಡೆದು ಅಗೆಯಲು ಹೊರಟಿದ್ದ. ಟೇಲರ್ ಸಂಸ್ಥೆಯವರು ಮೈಸೂರು ಗಣಿಯಲ್ಲಿ ಒಳ್ಳೆಯ ಅದಿರಿನ ಪದರವನ್ನು ಮುಟ್ಟಿದ ಮೇಲೆ ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳೂ ಬೆಳೆದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು.

ಹೊರಜಗತ್ತಿಗೆ ಈ ಊರಿನ ಬಾಗಿಲು ಬಂಗಾರಪೇಟೆ. ಮದರಾಸಿನ ಕಡೆಯಿಂದ ಜೋಲಾರ್‌ಪೇಟೆಯ ಮೂಲಕ ಬೆಂಗಳೂರಿಗೆ 1864ರಲ್ಲಿ ರೈಲು ಬಂದಾಗ ಈ ನಿಲ್ದಾಣ ದಾರಿಯ ಮೇಲೆ ಬಿತ್ತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನಿಂದ ಅದನ್ನು ಬಹಳ ಕಾಲ ಬೌರಿಂಗ್‌ಪೇಟೆ ಎಂದೇ ಕರೆಯುತ್ತಿದ್ದರು. 1894ರಲ್ಲಿ ಅಲ್ಲಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರಿನ ಕವಲು ಹಾದಿ ಹಾಕಿದ ಮೇಲೆ ಗಣಿಯ ಯಂತ್ರಗಳೂ ಜನರೂ ನೇರವಾಗಿ ಗಣಿಯ ಬಾಯಿಯವರೆಗೆ ಬರುವಂತಾಯಿತು. ಲಂಡನ್ನಿನಲ್ಲಿ ಹಡಗು ಹತ್ತಿದವನ ಪ್ರಯಾಣ ಮಾರಿಕುಪ್ಪಂನಲ್ಲಿ ಮುಗಿಯುತ್ತಿತ್ತು. ಮಾರಿಕುಪ್ಪಂನಲ್ಲಿ ರೈಲು ಹತ್ತಿದವನಿಗೆ ಮದರಾಸು ಇಲ್ಲವೇ ಮುಂಬಯಿ ಬಂದರು ಒಂದೆರಡು ರಾತ್ರಿಯ ಹಾದಿ.

ಹಾಗೆ ಬಂದವರಲ್ಲಿ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲಿನ ಗಣಿಗಾರರು ಮುಖ್ಯರು. ಅವರ ನಾಡಿನ ತಾಮ್ರದ ಗಣಿಗಳು 1860ರ ದಶಕದಲ್ಲಿ ಕುಸಿದುಬಿದ್ದಾಗ ಸಾವಿರಾರು ಮಂದಿ ಆಸ್ಟ್ರೇಲಿಯ, ಅಮೆರಿಕ, ದಕ್ಷಿಣ ಆಫ್ರಿಕಗಳಿಗೆ ಹರಡಿಹೋದರು. ಕೋಲಾರವೂ ಆ ದಾರಿಯಲ್ಲಿ ಒಂದು ನಿಲ್ದಾಣವಾಯಿತು. ಈ ವಲಸೆಯ ಇತಿಹಾಸ ಬರೆದವರು ಎತ್ತಿ ಹೇಳುವ ಒಂದು ಸಂಗತಿಯಿದೆ. ಬಹಳಷ್ಟು ಗಂಡಸರು ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಒಬ್ಬರೇ ಹೋಗುತ್ತಿದ್ದರು, ತಿಂಗಳು ತಿಂಗಳು ಹಣ ಕಳುಹಿಸುತ್ತಿದ್ದರು. ಗಂಡ ಬದುಕಿದ್ದೂ ವಿಧವೆಯರಂತೆ ಬಾಳಿದ ಹೆಂಗಸರು ಕಾರ್ನ್‌ವಾಲಿನ ಹಳ್ಳಿಗಳಲ್ಲಿ ತುಂಬಿದ್ದರು. ಒಬ್ಬನ ಟಿಕೆಟ್ಟಿಗೆ ಹೊಂದುವ ಹಣ ಆರು ಜನರ ಟಿಕೆಟ್ಟಿಗೆ ಹೊಂದುತ್ತಿರಲಿಲ್ಲ ಎಂಬುದು ಇದಕ್ಕಿದ್ದ ಸರಳ ಕಾರಣಗಳಲ್ಲಿ ಒಂದು.

ಎಡಬದಿ ಒಳ್ಳೆಯದೋ ಬಲಬದಿಯೋ

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಇಂಗ್ಲೆಂಡ್ ಮತ್ತು ಭಾರತದ ನಡುವಿನ ಕಡಲ ಹಾದಿ ವಾರಗಳ ಮಾತಾಯಿತು. ಈ ಹಾದಿಯಲ್ಲಿ ಪಿ ಅಂಡ್ ಓ ಕಂಪನಿಯ ಹಡಗುಗಳಿಗೆ ದೊಡ್ಡ ಹೆಸರು, ದರವೂ ಅದಕ್ಕೆ ತಕ್ಕಂತೆ. ಅದರ ಹಡಗುಗಳಲ್ಲಿ ಆಗ ಇದ್ದದ್ದು ಮೊದಲನೆಯ ಮತ್ತು ಎರಡನೆಯ ದರ್ಜೆಗಳು. ಕೈ ಹಿಡಿದು ಖರ್ಚು ಮಾಡುವವರು ಆಂಕರ್ ಲೈನ್‌ನಂಥ ಕಂಪನಿಗಳ ಹಡಗುಗಳತ್ತ ನೋಡುತ್ತಿದ್ದರು.

ಕೋಣೆಯನ್ನು ಆರಿಸುವಾಗ ಮೊದಲು ಕೇಳುತ್ತಿದ್ದ ಪ್ರಶ್ನೆ ಯಾವ ಬದಿ ಎಂಬುದು. ಹವಾನಿಯಂತ್ರಣವಿಲ್ಲದ ಆ ಕಾಲದಲ್ಲಿ ಹಡಗಿನ ಕಬ್ಬಿಣದ ಗೋಡೆ ಬಿಸಿಲಿಗೆ ಕಾದು ಕೋಣೆ ಒಲೆಯಂತಾಗುತ್ತಿತ್ತು. ಇಂಗ್ಲೆಂಡಿನಿಂದ ಬರುವ ಹಡಗು ಮೆಡಿಟರೇನಿಯನ್ ಸಮುದ್ರದಲ್ಲಿ ಪೂರ್ವಕ್ಕೆ ಸಾಗುವಾಗ ಅದರ ಎಡಬದಿ ಉತ್ತರಕ್ಕಿರುತ್ತದೆ, ನೆರಳು ಅಲ್ಲಿ. ಕೆಂಪು ಸಮುದ್ರದಲ್ಲಿ ದಕ್ಷಿಣಕ್ಕೆ ಇಳಿಯುವಾಗ ಎಡಬದಿ ಪೂರ್ವಕ್ಕಿರುತ್ತದೆ, ಮಧ್ಯಾಹ್ನ ಕಳೆದ ಮೇಲೆ ಅತ್ತ ಬಿಸಿಲಿಲ್ಲ, ರಾತ್ರಿ ಮಲಗುವ ಹೊತ್ತಿಗೆ ಕೋಣೆ ತಕ್ಕಮಟ್ಟಿಗೆ ಆರಿರುತ್ತದೆ. ಅರಬ್ಬಿ ಸಮುದ್ರದಲ್ಲಿಯೂ ಎಡಬದಿಯೇ ಉತ್ತರ. ಹಿಂದಿರುಗುವಾಗ ಎಲ್ಲವೂ ತಿರುವುಮುರುವು, ಬಲಬದಿ ಒಳ್ಳೆಯದು.

ಇಂಗ್ಲಿಷಿನಲ್ಲಿ ಶ್ರೀಮಂತಿಕೆಯ ಠೀವಿಗೆ ‘ಪಾಶ್’ ಎನ್ನುತ್ತಾರಷ್ಟೆ. ಹೋಗುವಾಗ ಎಡ, ಬರುವಾಗ ಬಲ ಎಂಬುದನ್ನು ಸೂಚಿಸುವ ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು ಸೇರಿ ಈ ಮಾತು ಹುಟ್ಟಿತೆಂದೂ ಸಾಹುಕಾರರ ಟಿಕೆಟ್ಟುಗಳ ಮೇಲೆ ಹಾಗೆ ಮೊಹರು ಒತ್ತುತ್ತಿದ್ದರೆಂದೂ ಒಂದು ಕಥೆಯಿದೆ. ಕಥೆ ಚೆನ್ನಾಗಿದೆ, ನಿಜವಲ್ಲ. ಅಂಥ ಮೊಹರಿನ ಒಂದು ಟಿಕೆಟ್ಟೂ ಇದುವರೆಗೆ ಸಿಕ್ಕಿಲ್ಲ. ಆ ಪದ 19ನೆಯ ಶತಮಾನದಲ್ಲಿಯೇ ಲಂಡನ್ನಿನ ಬೀದಿಮಾತಿನಲ್ಲಿ ಚಿಲ್ಲರೆ ಕಾಸು ಎಂಬ ಅರ್ಥದಲ್ಲಿತ್ತು. ಭಾರತದಿಂದ ಹೊರಟು ಯುರೋಪಿನಲ್ಲಿ ಅಲೆದ ರೊಮಾನಿ ಜನರ ಭಾಷೆಯಲ್ಲಿ ‘ಅರ್ಧ’ ಎಂಬುದಕ್ಕಿರುವ ಪದದಿಂದ ಅದು ಬಂದಿರಬಹುದೆಂದು ಕೆಲವು ವಿದ್ವಾಂಸರ ಊಹೆ. ಶ್ರೀಮಂತಿಕೆಯ ಮಾತಿನ ಬೇರು ಅರ್ಧಕಾಸಿನಲ್ಲಿ ಇರಬಹುದೆಂಬುದು ಸ್ವಾರಸ್ಯದ ಸಂಗತಿ.

ಎರಡನೆಯ ಪ್ರಶ್ನೆ ಹಡಗಿನ ಯಾವ ಭಾಗ ಎಂಬುದು. ನಮ್ಮ ಕೋಲಾರದ ಬಾವಿಗಳ ಮೇಲೆ ಹಿಂದೆ ಇರುತ್ತಿದ್ದ ಏತವನ್ನು ನೆನೆದರೆ ಇದು ತಕ್ಷಣ ತಿಳಿಯುತ್ತದೆ. ಏತದ ಮರದ ತುದಿ ಆಳೆತ್ತರ ಏರಿ ಇಳಿಯುವಾಗಲೂ ನಡುವಿನ ಆಧಾರದ ಬಳಿ ಅಲುಗಾಟ ಕಡಿಮೆ. ಅಲೆಗಳ ಮೇಲಿನ ಹಡಗೂ ಹಾಗೆಯೇ. ಮೂತಿಯಲ್ಲೂ ಹಿಂಬದಿಯಲ್ಲೂ ತೊನೆದಾಟ ಹೆಚ್ಚು, ನಡುವಿನಲ್ಲಿ ಕಡಿಮೆ. ಮೇಲಿನ ಅಂತಸ್ತಿಗಿಂತ ಕೆಳಗಿನ ಅಂತಸ್ತಿನಲ್ಲಿ ಓಲಾಟವೂ ಕಡಿಮೆ. ಹಿಂಬದಿಯ ತಳದಲ್ಲಿ ಯಂತ್ರದ ಸದ್ದು ಮತ್ತು ಪ್ರೊಪೆಲರಿನ ನಡುಕ ಬೇರೆ. ಮೇಲಂತಸ್ತಿನ ಕೋಣೆಗೆ ಬೆಲೆ ಹೆಚ್ಚಾಗಿದ್ದದ್ದು ಗಾಳಿ ಬೆಳಕಿಗಾಗಿ. ವಾಂತಿಯಿಂದ ಬಳಲುವ ಮಕ್ಕಳಿಗೆ ಹಿತವಾಗುತ್ತಿದ್ದದ್ದು ನಡುಭಾಗದ ಕೆಳಗಿನ ಅಗ್ಗದ ಕೋಣೆಯೇ. ಕಡಿಮೆ ಹಣದವನಿಗೆ ಸಮುದ್ರ ಮಾಡಿಕೊಟ್ಟ ಒಂದು ಸಣ್ಣ ರಿಯಾಯಿತಿ ಇದು.

ಗಾಳಿಯ ಕೊರತೆಯನ್ನು ತೀರಿಸಲು ಬಿಬ್ಬಿ ಲೈನ್ ಎಂಬ ಕಂಪನಿಯವರು ಒಂದು ಉಪಾಯ ಹೂಡಿದರು. ಇವರ ಹಡಗುಗಳು ಕೊಲಂಬೊ, ರಂಗೂನ್‌ಗಳಿಗೆ ಬರುತ್ತಿದ್ದವು. ಒಳಗಿನ ಕೋಣೆಯಿಂದ ಹಡಗಿನ ಹೊರಗೋಡೆಯವರೆಗೆ ಒಂದು ಇಕ್ಕಟ್ಟಾದ ಓಣಿಯಂಥ ಜಾಗ ಬಿಟ್ಟು, ಅದರ ಕೊನೆಯಲ್ಲಿ ದುಂಡುಕಿಟಕಿ ಇಟ್ಟರು. ಮಾಲೆಯ ಮನೆಗಳ ಹಿಂದಿನ ಕೋಣೆಗೆ ಸಂದಿಯಿಂದ ಬೆಳಕು ಬರುವ ಹಾಗೆ ಒಳಕೋಣೆಗೂ ಹಗಲು ಕಂಡಿತು. ಈ ಮಾದರಿಗೆ ಹಡಗಿನವರ ಭಾಷೆಯಲ್ಲಿ ‘ಬಿಬ್ಬಿ ಕ್ಯಾಬಿನ್’ ಎಂಬ ಹೆಸರೇ ನಿಂತಿತು.

ಇಬ್ಬರು ಮಕ್ಕಳು ಸೇರಿ ಒಂದು ಆಳು

ದೊಡ್ಡ ಕುಟುಂಬದ ಖರ್ಚಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮಗುವನ್ನು ಹೇಗೆ ಎಣಿಸುತ್ತಾರೆ ಎಂಬುದು. ಬ್ರಿಟನ್ನಿನ 1855ರ ಪ್ರಯಾಣಿಕರ ಕಾಯಿದೆ ಇದಕ್ಕೆ ಒಂದು ವಿಚಿತ್ರ ಅಳತೆಗೋಲನ್ನು ಬಳಸಿತು. 12 ವರ್ಷ ದಾಟಿದವರು ಒಂದು ‘ಶಾಸನಬದ್ಧ ಆಳು’. 1ರಿಂದ 12 ವರ್ಷದೊಳಗಿನ ಇಬ್ಬರು ಮಕ್ಕಳು ಸೇರಿದರೆ ಒಂದು ಆಳು. ಅಂಥ ಒಂದು ಆಳಿಗೆ 6 ಅಡಿ ಉದ್ದ, 18 ಅಂಗುಲ ಅಗಲದ ಮಲಗುವ ಹಲಗೆ. ವಲಸೆ ಹಡಗಿನಲ್ಲಿ ಎಷ್ಟು ಜನರನ್ನು ತುಂಬಬಹುದು ಎಂಬುದೆಲ್ಲ ಈ ಗುಣಾಕಾರದ ಮೇಲೆ ನಿಂತಿತ್ತು. ತಾಯ್ತಂದೆಯರ ಪಾಲಿಗೆ ಅರ್ಧ ಟಿಕೆಟ್ಟು ಉಳಿತಾಯ. ಆದರೆ ಅರ್ಧ ಟಿಕೆಟ್ಟೆಂದರೆ ಅರ್ಧ ಜಾಗ ಎಂಬುದೂ ಅದರಲ್ಲಿ ಅಡಗಿತ್ತು.

ಈ ಅಳತೆಯ ಕಹಿಯನ್ನು ಹೆಚ್ಚಾಗಿ ಉಂಡವರು ನಮ್ಮವರೇ. ಕೆ.ಜಿ.ಎಫ್. ಗಣಿಗಳಿಗೆ ಕೂಲಿಗಾಗಿ ಬಂದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ಬಡ ರೈತರು, ದಲಿತ ಕೂಲಿಗಳು. ಉತ್ತರ ಆರ್ಕಾಟಿನ ಅದೇ ಹಳ್ಳಿಗಾಡಿನಿಂದಲೇ ಮದರಾಸು ಬಂದರಿನ ಮೂಲಕ ನೇಟಾಲಿನ ಕಬ್ಬಿನ ತೋಟಗಳಿಗೂ ಜನ ಹೊರಟಿದ್ದರು. ಮದರಾಸಿನಿಂದ ಹೊರಟ ‘ಟ್ರೂರೋ’ ಎಂಬ ಹಡಗು 342 ಮಂದಿಯನ್ನು ಹೊತ್ತು 1860ರ ನವೆಂಬರ್ 16ರಂದು ಡರ್ಬನ್ ತಲುಪಿತು. 1911ರಲ್ಲಿ ನೇಟಾಲಿಗೆ ಕರಾರು ಕೂಲಿಗಳ ಸಾಗಣೆ ನಿಲ್ಲುವ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಹೋಗಿದ್ದರು. ಬರ ಬಿದ್ದ ವರ್ಷ ಹಳ್ಳಿಯ ಬಡವನ ಮುಂದೆ ಇದ್ದ ದಾರಿಗಳಲ್ಲಿ ಒಂದು ಭೂಮಿಯ ಒಡಲಿಗೆ, ಇನ್ನೊಂದು ಕಡಲಾಚೆಗೆ.

ಆ ಹಡಗುಗಳಲ್ಲಿ ಆರಿಸಿಕೊಳ್ಳಲು ಕೋಣೆ ಎಂಬುದೇ ಇರಲಿಲ್ಲ. ಎರಡು ಅಂತಸ್ತುಗಳ ನಡುವಿನ ಉದ್ದನೆಯ ಹಜಾರವೇ ಮನೆ. ಒಂಟಿ ಗಂಡಸರು ಮುಂಭಾಗದಲ್ಲಿ, ಸಂಸಾರಸ್ಥರು ನಡುವೆ, ಒಂಟಿ ಹೆಂಗಸರು ಹಿಂಭಾಗದಲ್ಲಿ ಎಂಬುದು ಸಾಮಾನ್ಯ ಕ್ರಮ. ಒಬ್ಬ ವಯಸ್ಕನಿಗೆ 72 ಘನ ಅಡಿ ಎಂದು ಭಾರತದ ವಲಸೆ ಕಾನೂನು ಗೊತ್ತುಮಾಡಿತ್ತು, ಅಂದರೆ 6 ಅಡಿ ಉದ್ದ, 2 ಅಡಿ ಅಗಲ, 6 ಅಡಿ ಎತ್ತರ. ಅಲ್ಲಿಯೂ ಸಣ್ಣ ಮಕ್ಕಳಿಬ್ಬರು ಸೇರಿ ಒಂದು ಆಳು.

ಆಗ್ನೇಯ ಏಷ್ಯದ ಹಾದಿಯಲ್ಲಿ ಇದೇ ಪದ್ಧತಿ ‘ಡೆಕ್ ಟಿಕೆಟ್ಟು’ ಎಂಬ ಹೆಸರಿನಲ್ಲಿ ಬಹುಕಾಲ ಮುಂದುವರಿಯಿತು. ಬ್ರಿಟಿಷ್ ಇಂಡಿಯಾ ಕಂಪನಿಯ ‘ರಜುಲಾ’ ಎಂಬ ಹಡಗು 1926ರಿಂದ 1970ರ ದಶಕದ ಆರಂಭದವರೆಗೆ ಮದರಾಸು, ನಾಗಪಟ್ಟಣ, ಪಿನಾಂಗ್, ಸಿಂಗಪುರಗಳ ನಡುವೆ ಓಡಾಡಿತು. ಆರಂಭದಲ್ಲಿ ಅದಕ್ಕೆ 5,000ಕ್ಕೂ ಹೆಚ್ಚು ಡೆಕ್ ಪ್ರಯಾಣಿಕರನ್ನು ಒಯ್ಯುವ ಪರವಾನಗಿ ಇತ್ತು. ಕ್ಯಾಬಿನ್ನುಗಳು ಬೆರಳೆಣಿಕೆಯವರಿಗೆ. ಉಳಿದವರು ಚಾಪೆ ಬಿಡಿಸಿ, ಟ್ರಂಕುಗಳನ್ನು ಸುತ್ತ ಅಡ್ಡ ಇಟ್ಟು ತಮ್ಮ ಕುಟುಂಬದ ಗಡಿಯನ್ನು ತಾವೇ ಹಾಕಿಕೊಳ್ಳಬೇಕಿತ್ತು. ಮೊದಲು ಹತ್ತಿದವರಿಗೆ ಗಾಳಿ ಬರುವ ಜಾಗ, ತಡವಾಗಿ ಬಂದವರಿಗೆ ಏಣಿಯ ಪಕ್ಕದ ಜಾಗ. ಇಂಥ ಮಂಚವಿಲ್ಲದ ಪ್ರಯಾಣಿಕರ ಸುರಕ್ಷತೆಗಾಗಿಯೇ 1931ರಲ್ಲಿ ಸಿಮ್ಲಾದಲ್ಲಿ ನಿಯಮಗಳನ್ನು ರೂಪಿಸಿದರು. ಅವು ‘ಸಿಮ್ಲಾ ನಿಯಮಗಳು’ ಎಂದೇ ಹೆಸರಾದವು. ಮುಂಬಯಿಯಿಂದ ಜೆಡ್ಡಾಕ್ಕೆ ಹೋಗುತ್ತಿದ್ದ ಮೊಗಲ್ ಲೈನ್ ಹಡಗುಗಳಲ್ಲಿಯೂ ಹಜ್ ಯಾತ್ರಿಕರಿಗಾಗಿ ಡೆಕ್ ದರ್ಜೆ ಇತ್ತು. ವರ್ಷಗಟ್ಟಲೆ ಕಾಸಿಗೆ ಕಾಸು ಕೂಡಿಟ್ಟ ಬಡ ಯಾತ್ರಿಕ ಗಂಡ ಹೆಂಡಿರು ಜತೆಯಾಗಿ ಹೋಗಲು ಸಾಧ್ಯವಾಗುತ್ತಿದ್ದದ್ದು ಆ ದರ್ಜೆಯಿಂದಲೇ. ಆ ಸಮುದ್ರ ಯಾತ್ರೆ 1995ರಲ್ಲಿ ಕೊನೆಗೊಂಡಿತು.

ಗಾಂಧೀಜಿಯ ಪೆಟ್ಟಿಗೆಗಳು

ಹಣವಿದ್ದೂ ಅಗ್ಗದ ಕೋಣೆಯನ್ನೇ ಆರಿಸಿದ ಯಾತ್ರಿಕರೂ ಇದ್ದರು. 1914ರ ಜುಲೈನಲ್ಲಿ ದಕ್ಷಿಣ ಆಫ್ರಿಕವನ್ನು ಬಿಟ್ಟು ಇಂಗ್ಲೆಂಡಿಗೆ ಹೊರಟ ಗಾಂಧೀಜಿ, ಕಸ್ತೂರಬಾ ಮತ್ತು ಮಿತ್ರ ಕ್ಯಾಲೆನ್‌ಬಾಕ್ ಮೂರನೆಯ ದರ್ಜೆಯಲ್ಲಿ ಪ್ರಯಾಣ ಮಾಡಿದರು. ಅಲ್ಲಿಂದ ಭಾರತಕ್ಕೆ ಬರುವಾಗ ಪಿ ಅಂಡ್ ಓ ಹಡಗಿನಲ್ಲಿ ಮೂರನೆಯ ದರ್ಜೆ ಇರದ ಕಾರಣ ಎರಡನೆಯದನ್ನು ಹಿಡಿಯಬೇಕಾಯಿತು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ‘ರಾಜಪುತಾನ’ ಹಡಗಿನಲ್ಲಿ ಹೊರಟಾಗಲೂ ಅಲ್ಲಿದ್ದ ಕೆಳದರ್ಜೆಯನ್ನೇ ಬಯಸಿದರು, ಬಹುಪಾಲು ಸಮಯ ಡೆಕ್ಕಿನ ಮೇಲೆಯೇ ಕಳೆದರು. ಜತೆಗಾರರು ತಂದಿದ್ದ ಪೆಟ್ಟಿಗೆಗಳ ರಾಶಿ ನೋಡಿ ಬೇಸರಗೊಂಡ ಅವರು ಬೇಡವಾದದ್ದನ್ನೆಲ್ಲ ಏಡನ್ ಬಂದರಿನಿಂದ ವಾಪಸು ಕಳುಹಿಸಿದ ಕಥೆ ಪ್ರಸಿದ್ಧವಾಗಿದೆ.

ಪೆಟ್ಟಿಗೆಯ ಮಾತು ಬಂದದ್ದರಿಂದ ಇನ್ನೊಂದು ವಿವರ ಹೇಳಬೇಕು. ಕ್ಯಾಬಿನ್ನಿನ ಇಕ್ಕಟ್ಟು ಗೊತ್ತಿದ್ದ ಕಂಪನಿಗಳು ಸಾಮಾನನ್ನು ಮೂರು ಬಗೆಯಾಗಿ ವಿಂಗಡಿಸುತ್ತಿದ್ದವು. ಕೋಣೆಯೊಳಗೆ ಇಡತಕ್ಕದ್ದು, ಪ್ರಯಾಣದ ನಡುವೆ ಬೇಕಾಗತಕ್ಕದ್ದು, ಪ್ರಯಾಣ ಮುಗಿಯುವವರೆಗೆ ಬೇಡವಾದದ್ದು. ಒಂದೊಂದಕ್ಕೂ ಒಂದೊಂದು ಚೀಟಿ. ಮನೆ ಬಿಟ್ಟು ಹೊರಟ ಕುಟುಂಬಕ್ಕೆ ಈ ವಿಂಗಡಣೆ ಬರೀ ಸಾಮಾನಿನ ಮಾತಾಗಿರಲಿಲ್ಲ. ಯಾವುದನ್ನು ಕೊಂಡೊಯ್ಯಬೇಕು, ಯಾವುದನ್ನು ಮಾರಬೇಕು, ಯಾವುದನ್ನು ನೆರೆಯವರಿಗೆ ಕೊಟ್ಟು ಹೋಗಬೇಕು ಎಂಬುದೂ ಅದರಲ್ಲಿತ್ತು.

1947ರ ಅನಂತರ

ಕೆ.ಜಿ.ಎಫ್. ಊರಿನ ರಚನೆಯೇ ಒಂದು ದೊಡ್ಡ ಹಡಗಿನಂತಿತ್ತು. ದಿಣ್ಣೆಯ ಮೇಲೆ ತೋಟ ಸುತ್ತಿದ ಬಂಗಲೆಗಳು ಬಿಳಿಯ ಅಧಿಕಾರಿಗಳಿಗೆ. ಆಂಗ್ಲೋ ಇಂಡಿಯನ್ ಮೇಸ್ತ್ರಿಗಳಿಗೂ ಮೇಲ್ವಿಚಾರಕರಿಗೂ ಮಧ್ಯಮ ಗಾತ್ರದ ಮನೆಗಳು. ಕೂಲಿಗಳಿಗೆ ‘ಲೈನ್’ಗಳಲ್ಲಿ ಬಿದಿರು ತಟ್ಟಿಯ, ಒಂದೇ ಕೋಣೆಯ ಗುಡಿಸಲುಗಳು. ಒಂದು ಕೋಣೆಯಲ್ಲಿ ಏಳೆಂಟು ಜನ ಹೇಗೆ ಮಲಗುವುದು ಎಂಬ ಪ್ರಶ್ನೆಗೆ ಉತ್ತರ ತಿಳಿಯಲು ಲೈನಿನ ಜನ ಸಮುದ್ರದವರೆಗೆ ಹೋಗಬೇಕಾಗಿರಲಿಲ್ಲ.

ಸ್ವಾತಂತ್ರ್ಯ ಬಂದಾಗ ಬಂಗಲೆಯವರಿಗೆ ಹಿಂದಿರುಗಲು ಊರಿತ್ತು. ಲೈನಿನವರಿಗೆ ಗಣಿಯೇ ಊರಾಗಿತ್ತು. ನಡುವಿನ ಆಂಗ್ಲೋ ಇಂಡಿಯನ್ನರಿಗೆ ಮಾತ್ರ ಇರುವುದೋ ಹೋಗುವುದೋ ಎಂಬ ಪ್ರಶ್ನೆ ಮನೆಮನೆಯಲ್ಲೂ ಎದ್ದಿತು. 1947ರ ಆಗಸ್ಟ್ ತಿಂಗಳಲ್ಲಿ ಆಸ್ಟ್ರೇಲಿಯದ ‘ಮನೂರಾ’ ಎಂಬ ನೌಕೆ ಮುಂಬಯಿಯಿಂದ 700ಕ್ಕೂ ಹೆಚ್ಚು ಆಂಗ್ಲೋ ಇಂಡಿಯನ್ನರನ್ನು ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರಿಗೆ ಒಯ್ದಿತು. ಬಂದವರ ಮೈಬಣ್ಣ ನೋಡಿದ ಮೇಲೆ ಅಲ್ಲಿನ ಸರ್ಕಾರ ನಿಯಮಗಳನ್ನು ಬಿಗಿ ಮಾಡಿತು. 1960ರ ದಶಕದ ಮಧ್ಯದಲ್ಲಿ ಆ ಬಿಗಿ ಸಡಿಲವಾಗುವವರೆಗೆ ಬ್ರಿಟನ್ನೇ ಅನೇಕರ ಗುರಿ. 1962ರಲ್ಲಿ ಬ್ರಿಟನ್ ಕೂಡ ಕಾಮನ್‌ವೆಲ್ತ್ ವಲಸಿಗರ ಕಾಯಿದೆ ತಂದಿತು. ಬಾಗಿಲು ಮುಚ್ಚುವುದರೊಳಗೆ ಹೋಗಬೇಕೆಂಬ ಅವಸರ ಅದಕ್ಕೆ ಮುಂಚಿನ ವರ್ಷಗಳಲ್ಲಿತ್ತು. ಈ ನಡುವೆ 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂದವು.

ಈ ಸಮಯಕ್ಕೆ ಹಡಗುಗಳೂ ಬದಲಾಗಿದ್ದವು. 1930ರ ದಶಕದಿಂದ ‘ಟೂರಿಸ್ಟ್ ದರ್ಜೆ’ ಎಂಬ ಹೊಸ ದರ್ಜೆ ಬಳಕೆಗೆ ಬಂದಿತ್ತು. ಪಿ ಅಂಡ್ ಓ ಕಂಪನಿಯ ‘ಸ್ಟ್ರಾತ್‌ನೇವರ್’ ಮತ್ತು ‘ಸ್ಟ್ರಾತೇರ್ಡ್’ ಹಡಗುಗಳನ್ನು 1954ರಲ್ಲಿ ಪೂರ್ತಿಯಾಗಿ ಒಂದೇ ದರ್ಜೆಯ ಹಡಗುಗಳಾಗಿ ಮಾಡಿದರು. ಜನರಿಗಾಗಿ ಬೇರೆ ಬೇರೆ ಊಟದ ಮನೆ, ಬೇರೆ ಬೇರೆ ಮೆಟ್ಟಿಲು ಇಲ್ಲವಾಯಿತು. ಕೋಣೆಗಳ ದರದಲ್ಲಿ ಮಾತ್ರ ಅಂತರ ಉಳಿಯಿತು. ಈಗಿನ ವಿಹಾರದ ಹಡಗುಗಳ ಪದ್ಧತಿಗೆ ಇದೇ ಮುನ್ಸೂಚನೆ. ಆಂಕರ್ ಲೈನ್, ಇಟಲಿಯ ಲಾಯ್ಡ್ ಟ್ರೀಸ್ಟಿನೋ ಕಂಪನಿಗಳ ಹಡಗುಗಳೂ ಮುಂಬಯಿಗೆ ಬರುತ್ತಿದ್ದವು.

ಅಗ್ಗದ ಕೋಣೆಗಳಲ್ಲಿ ನಾಲ್ಕು, ಆರು, ಕೆಲವೊಮ್ಮೆ ಎಂಟು ಮಂಚಗಳು, ಗೋಡೆಗೆ ಒಂದರ ಮೇಲೊಂದು. ದೊಡ್ಡ ಕುಟುಂಬಕ್ಕೆ ಅನುಕೂಲವೆಂದು ತೋರುತ್ತದೆ. ಆದರೆ ಅನೇಕ ವಲಸೆ ಹಡಗುಗಳಲ್ಲಿ ಗಂಡಸರಿಗೆ ಒಂದು ಕೋಣೆ, ಹೆಂಗಸರು ಮತ್ತು ಮಕ್ಕಳಿಗೆ ಇನ್ನೊಂದು ಎಂಬ ಪದ್ಧತಿಯಿತ್ತು. ಖಾಲಿ ಮಂಚ ಉಳಿಯದಂತೆ ತುಂಬಲು ಕಂಪನಿಗೆ ಇದು ಅನುಕೂಲ. ತಂದೆ ದೊಡ್ಡ ಮಗನೊಡನೆ ಅಪರಿಚಿತರ ಜತೆ ಮಲಗಬೇಕು. ತಾಯಿ ಕೈಕೂಸು, ಹೆಣ್ಣುಮಕ್ಕಳೊಡನೆ ಇನ್ನೊಂದು ಓಣಿಯಲ್ಲಿ. ನಾಲ್ಕು ಮಂಚದ ಒಂದು ಇಡೀ ಕೋಣೆಯನ್ನು ತಮಗೇ ಹಿಡಿಯಬೇಕಾದರೆ ಹೆಚ್ಚು ಹಣ ಬೇಕು. ಆ ಹಣವನ್ನು ಉಳಿಸಿದರೆ ತಲುಪಿದ ಊರಿನಲ್ಲಿ ಕೈಕಾಸಾಗುತ್ತದೆ ಎಂಬ ಯೋಚನೆಗೂ ಹೆಚ್ಚು ಅರ್ಥವಿರಲಿಲ್ಲ. ವಿದೇಶಿ ವಿನಿಮಯದ ಕೊರತೆಯಿಂದ 1960ರ ದಶಕದಲ್ಲಿ ದೇಶ ಬಿಟ್ಟು ಹೋಗುವವನು ಕೇವಲ ಮೂರು ಪೌಂಡು ಒಯ್ಯಬಹುದಿತ್ತು. ಜೀವಮಾನದ ಉಳಿತಾಯ ರೂಪಾಯಿಯಲ್ಲಿ ಇಲ್ಲಿ, ಬದುಕು ಕಟ್ಟಬೇಕಾದದ್ದು ಪೌಂಡಿನಲ್ಲಿ ಅಲ್ಲಿ.

ಹೀಗಾಗಿ ಬಹಳ ಕುಟುಂಬಗಳು ಕಾರ್ನ್‌ವಾಲಿನ ಗಣಿಗಾರನ ದಾರಿಯನ್ನೇ ತಿರುಗುಮುರುಗಾಗಿ ಹಿಡಿದವು. ದುಡಿಯುವ ವಯಸ್ಸಿನ ಮಗನೋ ಮಗಳೋ ಮೊದಲು ಹೋಗುವುದು, ಕೆಲಸ ಹಿಡಿದು ಬಾಡಿಗೆ ಮನೆ ಮಾಡುವುದು, ಆಮೇಲೆ ತಮ್ಮ ತಂಗಿಯರು, ಕೊನೆಗೆ ತಂದೆ ತಾಯಿ. ಒಂದು ಮನೆ ಖಾಲಿಯಾಗಲು ಎಷ್ಟೋ ವರ್ಷ ಹಿಡಿಯುತ್ತಿತ್ತು. ಪೂರ್ತಿ ಹೋಗಲಾಗದೆ ಅರ್ಧದಲ್ಲೇ ನಿಂತ ಮನೆಗಳೂ ಇದ್ದವು. ಕೆ.ಜಿ.ಎಫ್. ಕುಟುಂಬಗಳ ಕವಲುಗಳು ಇಂದು ಆಸ್ಟ್ರೇಲಿಯ, ಬ್ರಿಟನ್, ಕೆನಡಾಗಳಲ್ಲಿ ಹರಡಿರುವುದಕ್ಕೆ ಈ ಕಂತಿನ ವಲಸೆಯೂ ಒಂದು ಕಾರಣ.

ಆಂಕರ್ ಲೈನ್ ಮುಂಬಯಿ ಪ್ರಯಾಣಿಕ ಹಡಗುಗಳನ್ನು 1966ರಲ್ಲಿ ನಿಲ್ಲಿಸಿತು. 1967ರ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿ 1975ರವರೆಗೆ ತೆರೆಯಲಿಲ್ಲ. ಅಷ್ಟರಲ್ಲಿ ಜೆಟ್ ವಿಮಾನ ಜನರನ್ನು ಸೆಳೆದುಕೊಂಡಿತ್ತು. ಕೋಣೆ ಆರಿಸುವ ಕಾಲ ಮುಗಿದು ಕುರ್ಚಿ ಆರಿಸುವ ಕಾಲ ಬಂತು. ಗಣಿಗೂ ಕೊನೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಗಿದ್ದ ಸಂಸ್ಥೆ 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿದ ಊರಿನ ಜನ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ದಿನಾ ಬೆಳಗ್ಗೆ ಬೆಂಗಳೂರಿನ ರೈಲು ಹತ್ತುವವರಾದರು.

ಹಳೆಯ ಲೆಕ್ಕ, ಹೊಸ ಹಡಗು

ವಿಹಾರದ ಹಡಗಿನ ದರಪಟ್ಟಿಯನ್ನು ಈ ಇತಿಹಾಸದ ಬೆಳಕಿನಲ್ಲಿ ಓದಿದರೆ ಅರ್ಥ ಬೇಗ ಆಗುತ್ತದೆ. ಹವಾನಿಯಂತ್ರಣ ಬಂದ ಮೇಲೆ ಎಡ ಬಲದ ಜಗಳ ತೀರಿತು, ಉಳಿದ ಸೂತ್ರಗಳು ಹಾಗೆಯೇ ಇವೆ. ಒಳಕೋಣೆ ಅಗ್ಗ. ನಡುಭಾಗದ ಕೆಳಗಿನ ಅಂತಸ್ತಿನಲ್ಲಿ ಓಲಾಟ ಕಡಿಮೆ. ಒಂದೇ ಕೋಣೆಯ ಗೋಡೆಯಿಂದ ಬಿಚ್ಚಿಕೊಳ್ಳುವ ಮೂರನೆಯ, ನಾಲ್ಕನೆಯ ಮಂಚಕ್ಕೆ ಮೊದಲ ಎರಡಕ್ಕಿಂತ ಕಡಿಮೆ ದರ ಹಾಕುವುದು ಬಹುಪಾಲು ಕಂಪನಿಗಳ ರೂಢಿ. ಎಂಟು ಜನರ ಕುಟುಂಬ ತಲಾ ಇಬ್ಬರಂತೆ ನಾಲ್ಕು ಕೋಣೆ ಹಿಡಿಯುವುದಕ್ಕಿಂತ ತಲಾ ನಾಲ್ವರಂತೆ ಎರಡು ಕೋಣೆ ಹಿಡಿದರೆ ಉಳಿತಾಯವಾಗುವುದು ಇದರಿಂದ. ಎದುರುಬದುರಿನ ಎರಡು ಕೋಣೆ ಸಿಕ್ಕಿದರೆ ಒಂದನ್ನು ಕಿಟಕಿಯದು, ಇನ್ನೊಂದನ್ನು ಒಳಗಿನದು ಹಿಡಿದು ಹಗಲು ಎಲ್ಲರೂ ಕಿಟಕಿಯ ಬಳಿ ಕೂಡಬಹುದು. ಹಡಗಿನಲ್ಲಿ ಊಟದ ಮನೆಯೂ ಮೇಲಿನ ಡೆಕ್ಕೂ ಎಲ್ಲರಿಗೂ ಸೇರಿದ್ದೇ ಆದ್ದರಿಂದ ಕೋಣೆ ಮಲಗಲಷ್ಟೇ ಎಂದು ತಿಳಿದವರಿಗೆ ಮೋಸವಿಲ್ಲ.

ಒಂದು ಸೂತ್ರ ಮಾತ್ರ ಪೂರ್ತಿ ಬದಲಾಗಿದೆ. 1912ರಲ್ಲಿ ‘ಟೈಟಾನಿಕ್’ ಮುಳುಗಿದಾಗ ಅದರಲ್ಲಿದ್ದ ಸುಮಾರು 2,200 ಜನರಿಗೆ ರಕ್ಷಣಾ ದೋಣಿಗಳಲ್ಲಿದ್ದ ಜಾಗ 1,178 ಮಂದಿಗೆ. ಆ ದುರಂತದಿಂದ 1914ರಲ್ಲಿ ಹುಟ್ಟಿದ ಸಮುದ್ರ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದ ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಜಾಗವಿರಬೇಕೆಂದಿತು. ಬೆಳೆಯುತ್ತ ಬಂದ ಆ ಒಪ್ಪಂದದ ಎಣಿಕೆಯಲ್ಲಿ ಒಂದು ವರ್ಷ ತುಂಬಿದ ಮಗು ಇಡೀ ಒಬ್ಬ ಪ್ರಯಾಣಿಕ. ಕೋಣೆಯಲ್ಲಿ ಇನ್ನೊಂದು ಮಗುವಿಗೆ ಜಾಗ ಮಾಡಿಕೊಳ್ಳುತ್ತೇವೆ ಎಂದರೆ ಹಡಗಿನವರು ಒಪ್ಪದಿರುವುದಕ್ಕೆ ಇಂಥ ಎಣಿಕೆಯೂ ಕಾರಣ.

ಇಬ್ಬರು ಮಕ್ಕಳು ಸೇರಿದರೆ ಒಂದು ಆಳು ಎಂದಿದ್ದ ಕಡಲ ಕಾನೂನು ಮಗುವಿಗೂ ಒಂದು ಪೂರ್ತಿ ಜಾಗ ಕೊಡಲು ದೀರ್ಘ ಕಾಲ ಹಿಡಿಯಿತು. ಟಿಕೆಟ್ಟಿನಲ್ಲಿ ಅರ್ಧವಾದರೂ ಜೀವದ ಲೆಕ್ಕದಲ್ಲಿ ಮಗು ಇಡಿಯೇ ಎಂಬುದನ್ನು ಮನೆಯ ಹಿರಿಯರು ಎಂದಿನಿಂದಲೂ ಬಲ್ಲರು. ಹೊಂದಿಸಿದ ಹಣದಲ್ಲಿ ಎಲ್ಲರೂ ಒಟ್ಟಿಗೆ ಹೋಗುವ ದಾರಿ ಯಾವುದೆಂದು ಗಣಿಯೂರಿನ ತಾಯ್ತಂದೆಯರು ರಾತ್ರಿಯೆಲ್ಲ ಹುಡುಕಿದ್ದು ಅದಕ್ಕಾಗಿಯೇ.